ಸುಮ್ಮನಿದ್ದವರಿಗೊಂದು ಮೊಹರು

ಆ ಗುಮಾಸ್ತರು ಬೆಳಿಗ್ಗೆ ಕಚೇರಿಯ ಕುರ್ಚಿಯಲ್ಲಿ ಕುಳಿತ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಮೊಹರನ್ನು ಶಾಯಿ ಪ್ಯಾಡಿಗೆ ಮುಟ್ಟಿಸಿ ಒಂದು ಖಾಲಿ ಚೀಟಿಯ ಮೇಲೆ ಒತ್ತಿ ನೋಡುವುದು. 'ಸ್ವೀಕರಿಸಲಾಗಿದೆ' ಎಂಬ ಅಕ್ಷರಗಳೂ ಅದರ ಕೆಳಗೆ ಅಂದಿನ ತಾರೀಖೂ ಮುಕ್ಕಾಗದೆ ಮೂಡಿದರೆ, ಕಣ್ಣು ಮುಚ್ಚಿ, 'ದೇವರೇ, ಇವತ್ತಿನ ದಿನವೂ ಹೀಗೇ ನೇರವಾಗಿ ಬೀಳಲಿ' ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿರಲಿಲ್ಲ. ಒಮ್ಮೆ ಮೈ ಸುಡುವ ಜ್ವರದಲ್ಲಿ ಕಚೇರಿಗೆ ಬಂದು, ಚೀಟಿ ಒತ್ತಿ, ಆಮೇಲೆ ರಜೆ ಬರೆದುಕೊಟ್ಟು ಮನೆಗೆ ಹೋದದ್ದೂ ಉಂಟು. ವಾರಕ್ಕೊಮ್ಮೆ ಬಟ್ಟೆ ಒಗೆಯುವಾಗ ಅವರ ಹೆಂಡತಿ ಜೇಬುಗಳಿಂದ ಆ ಚೀಟಿಗಳನ್ನು ತೆಗೆದು ಅಡುಗೆಮನೆಯ ಒಂದು ಡಬ್ಬಿಗೆ ಹಾಕುತ್ತಿದ್ದಳು.

"ಅದನ್ನೆಲ್ಲ ಎಸೆಯಬಾರದಾ?" ಎಂದು ಒಂದು ಸಲ ಅವರೇ ಕೇಳಿದ್ದರು.

"ಪ್ರಾರ್ಥನೆ ಮಾಡಿದ ಕಾಗದ, ಹೇಗೆ ಎಸೀಲಿ?" ಎಂದಿದ್ದಳು ಆಕೆ. ಈಗ ಎರಡನೆಯ ಡಬ್ಬಿಯೂ ಅರ್ಧ ತುಂಬಿತ್ತು.

ಗುಮಾಸ್ತರದು ಆವಕ ವಿಭಾಗ. ಎಂದರೆ, ಜನ ಹೊರಗಿನಿಂದ ತರುವ ಅರ್ಜಿಗಳನ್ನು ಒಂದು ಪುಟ್ಟ ಕಿಟಕಿಯಲ್ಲಿ ಕೈಚಾಚಿ ಪಡೆದು, ಮೊಹರು ಒತ್ತಿ ಒಳಗೆ ಕಳಿಸುವ ಕೆಲಸ. ಅಲ್ಲಿನ ನಿಯಮ ಬಹಳ ಸರಳ. ಕಿಟಕಿಗೆ ಬಂದ ಕಾಗದಕ್ಕೆ ಮೊಹರು. ಕಿಟಕಿಗೆ ಬಾರದ ಕಾಗದ ಈ ಲೋಕದಲ್ಲಿ ಇಲ್ಲವೇ ಇಲ್ಲ. ಈ ನಿಯಮವನ್ನು ನೆಚ್ಚಿಕೊಂಡು ಅವರು ಇಷ್ಟು ವರ್ಷ ನೆಮ್ಮದಿಯಾಗಿದ್ದರು. ಮುಂದೆ ಅವರ ಕಾಲೆಳೆದು ಕೆಡವಿದ್ದೂ ಇದೇ ನಿಯಮ.

ಮನೆಯಲ್ಲಿ ಇಬ್ಬರು ಮಕ್ಕಳು. ಎಂಟು ವರ್ಷದ ದೊಡ್ಡವಳಿಗೆ ಯೋಚನೆ ಹೆಚ್ಚು. ಐದು ವರ್ಷದ ಚಿಕ್ಕವನಿಗೆ ಕಾಲಿನ ಬಲ ಹೆಚ್ಚು. ಇವೆರಡೂ ಒಂದು ಕೋಣೆಯಲ್ಲಿ ಸೇರಿದರೆ ಏನಾಗಬೇಕೋ ಅದು ದಿನಾ ಸಂಜೆ ಆಗುತ್ತಿತ್ತು. ಮಂಚದ ತುದಿಯಲ್ಲಿ ನಿಂತು ನೆಲಕ್ಕೆ ಹಾರುವುದು ಅವರ ಅಚ್ಚುಮೆಚ್ಚಿನ ಆಟ. ಹಾರುವಾಗ ಕಿರುಚಬೇಕು, ಬಿದ್ದಮೇಲೆ ನಗಬೇಕು, ಎದ್ದಮೇಲೆ ಯಾರು ಹೆಚ್ಚು ದೂರ ಹಾರಿದರೆಂದು ಜಗಳವಾಡಬೇಕು. ಮೂರೂ ಸೇರಿದರೇ ಒಂದು ಆಟ.

ಅವರು ಇದ್ದದ್ದು ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ. ಮಕ್ಕಳು ಆಕೆಯನ್ನು 'ಕೆಳಗಿನಜ್ಜಿ' ಎಂದು ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೇಲೆ ಮಂಚದಿಂದ ಒಬ್ಬರು ಬಿದ್ದರೆ, ಕೆಳಗಿನಿಂದ ಅಜ್ಜಿ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲಿನಿಂದ ಚಾವಣಿಗೆ ಕುಟ್ಟುತ್ತಿದ್ದರು. ಹೀಗೆ ಎಷ್ಟೋ ದಿನ ನಡೆಯಿತು. ಕೊನೆಗೊಂದು ದಿನ, ತಿಂಗಳ ಮೊದಲನೆಯ ತಾರೀಖು, ಆಕೆ ಕೋಲನ್ನೇ ಊರಿಕೊಂಡು, ಮಂಡಿನೋವನ್ನೂ ಲೆಕ್ಕಿಸದೆ ಹದಿನಾರು ಮೆಟ್ಟಿಲು ಹತ್ತಿ ಬಂದರು.

"ನೋಡಪ್ಪ," ಎಂದರು ಗುಮಾಸ್ತರಿಗೆ, "ಮೂವತ್ತು ವರ್ಷ ಎರಡೂ ಕಿವಿಗೆ ಯಂತ್ರ ಹಾಕ್ಕೊಂಡು ಊರವರ ಮಾತೆಲ್ಲ ಕೇಳಿದ್ದೀನಿ. ನನ್ನ ಕಿವಿ ಕೇಳಬೇಕಾದ್ದೆಲ್ಲ ಕೇಳಿ ಮುಗಿಸಿದೆ. ಇನ್ನೊಂದು ತಿಂಗಳು ನೋಡ್ತೀನಿ. ಈ ಹಾರಾಟ ನಿಲ್ಲಲಿಲ್ಲ ಅಂದ್ರೆ ಮನೆ ನನ್ನ ತಮ್ಮನ ಮಗಳಿಗೆ ಕೊಡ್ತೀನಿ. ಅವಳಿಗೆ ಮಕ್ಕಳೂ ಇಲ್ಲ, ಮಂಚನೂ ಇಲ್ಲ. ಚಾಪೆ ಮೇಲೆ ಮಲಗ್ತಾಳೆ."

ಆಕೆ ಇಳಿದುಹೋದರು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮಕ್ಕಳ ಶಾಲೆಯ ಗೇಟು ಕಾಣುವ ಮನೆ ಅದು. ಹೆಂಡತಿ ರಕ್ತ ಪರೀಕ್ಷೆ ಮಾಡುತ್ತಿದ್ದ ಕ್ಲಿನಿಕ್ಕು ಐದು ನಿಮಿಷದ ನಡಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಇಬ್ಬರು ಮಕ್ಕಳ ಎತ್ತರವನ್ನು ವರ್ಷ ವರ್ಷವೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಪಾತ್ರೆಪಗಡ ಕಟ್ಟಿಕೊಂಡು ಹೋಗಬಹುದು. ಚೌಕಟ್ಟನ್ನು ಕಿತ್ತುಕೊಂಡು ಹೋಗಲಾದೀತೇ?

ಗುಮಾಸ್ತರು ಎದೆ ಸೆಟೆಸಿ ನಿಂತರು. ದಿನಕ್ಕೆ ಇನ್ನೂರು ಅರ್ಜಿಗಳನ್ನು, ಅರ್ಜಿ ತಂದ ಇನ್ನೂರು ಮಂದಿಯನ್ನು ಸಾಲಿನಲ್ಲಿ ನಿಲ್ಲಿಸುವ ತಮಗೆ ಎರಡು ಮಕ್ಕಳನ್ನು ಸುಮ್ಮನಿರಿಸುವುದು ಯಾವ ಮಹಾ ಕೆಲಸ ಎಂದರು. ಒಂದು ತಿಂಗಳು ಬೇಡ, ಹದಿನೈದೇ ದಿನ ಸಾಕು. ಆಮೇಲೆ ಈ ಮನೆಯಲ್ಲಿ ಗೋಡೆ ಗಡಿಯಾರವೂ ಅಪ್ಪಣೆ ಕೇಳಿ ಟಿಕ್ ಎನ್ನಬೇಕು, ಹಾಗೆ ಮಾಡಿ ತೋರಿಸುತ್ತೇನೆ ಎಂದರು.

"ಹೂಂ, ನೋಡೋಣ" ಎಂದಳು ಹೆಂಡತಿ. ಯಾವುದಕ್ಕೂ ಆಕೆ ಮೊದಲು ಹೇಳುವ ಮಾತು ಅದೇ. ದಿನವಿಡೀ ಸೂಜಿಗೆ ಹೆದರುವ ಮಕ್ಕಳ ಎದುರು ಕುಳಿತು ಅಭ್ಯಾಸವಾದವಳು. ಅವಸರವೆಂದರೆ ಏನೆಂದು ಆಕೆಗೆ ಗೊತ್ತಿರಲಿಲ್ಲ.

ಮೊದಲು ಶಿಕ್ಷೆಯ ಪ್ರಯೋಗ. ಹಾರಿದವರು ಬೀರುವಿನ ಪಕ್ಕದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ನಿಲ್ಲಬೇಕು ಎಂಬ ಕಾನೂನು ಜಾರಿಗೆ ಬಂತು. ಮೊದಲನೆಯ ದಿನ ಚಿಕ್ಕವನು ನಿಂತ. ಐದು ನಿಮಿಷ ಸದ್ದಿಲ್ಲ. ಆರನೆಯ ನಿಮಿಷಕ್ಕೆ, "ಅಕ್ಕಾ, ಇಲ್ಲೊಂದು ಒಂಟೆ ಇದೆ" ಎಂದ. ನಿಜವೇ. ಆ ಮೂಲೆಯಲ್ಲಿ ಸುಣ್ಣ ಚಕ್ಕೆ ಎದ್ದು, ಕತ್ತು, ಡುಬ್ಬ, ನಾಲ್ಕು ಕಾಲು, ಎಲ್ಲ ಸೇರಿ ಥೇಟ್ ಒಂಟೆಯೇ ಆಗಿತ್ತು. ಎಂಟು ವರ್ಷದಿಂದ ಅಲ್ಲೇ ಇದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಷ್ಟು ಹೊತ್ತು ಅಲ್ಲಿ ನಿಂತು ನೋಡಿದವರು ಯಾರಿದ್ದರು? ಮರುದಿನ ದೊಡ್ಡವಳು ಒಂಟೆ ನೋಡಲೆಂದೇ ಹಾರಿದಳು. ಮೂರನೆಯ ದಿನ ಇಬ್ಬರೂ ಒಟ್ಟಿಗೆ ಹಾರಿ, ಮೂಲೆ ಯಾರಿಗೆ ಎಂದು ಜಗಳಕ್ಕೆ ಬಿದ್ದರು. ಆ ಜಗಳದ ಸದ್ದಿನ ಮುಂದೆ ಹಾರಾಟದ ಸದ್ದು ಏನೂ ಅಲ್ಲ.

ಗುಮಾಸ್ತರು ಮಕ್ಕಳು ಪುಟಿಸುತ್ತಿದ್ದ ಚೆಂಡನ್ನು ಕಸಿದು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಮಕ್ಕಳು ಪಾತ್ರೆಯ ಮುಚ್ಚಳ ಉರುಳಿಸಿದರು. ಮುಚ್ಚಳ ಮೇಲೆತ್ತಿಟ್ಟರು. ಬಕೆಟ್ಟು ಬಂತು. ನಾಲ್ಕನೆಯ ದಿನ ಅವರು ತಾಳ್ಮೆ ಕಳೆದುಕೊಂಡು, "ಸುಮ್ನಿರಿ ಅಂದ್ರೆ ಸುಮ್ನಿರಬೇಕು" ಎಂದು ಅಬ್ಬರಿಸಿದಾಗ ಕೆಳಗಿನಿಂದ ಕೋಲು ಕುಟ್ಟಿತು. ಆ ಹೊತ್ತಿಗೆ ಮಕ್ಕಳು ಬಾಯಿ ಮುಚ್ಚಿಕೊಂಡೇ ನಿಂತಿದ್ದರು. ಕೋಲು ಕುಟ್ಟಿದ್ದು ಯಾರಿಗೆಂದು ಹೇಳುವ ಅಗತ್ಯವೇ ಇರಲಿಲ್ಲ. ಹೆಂಡತಿ ಸೊಪ್ಪು ಬಿಡಿಸುತ್ತ ಕುಳಿತಿದ್ದವಳು ತಲೆ ಎತ್ತಲಿಲ್ಲ, ಆದರೆ ಭುಜ ಮಾತ್ರ ಎರಡು ಸಲ ಅಲುಗಿತು.

ಐದನೆಯ ದಿನ ಕಚೇರಿಯಲ್ಲಿ ಚಹಾ ಕುಡಿಯುವಾಗ ಗುಮಾಸ್ತರು ಈ ಕಷ್ಟವನ್ನು ಟೈಪಿಸ್ಟ್ ಮೇಡಂ ಮುಂದೆ ಹೇಳಿಕೊಂಡರು. ಆಕೆಯ ಅಕ್ಕ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಮೇಡಂ ತಮ್ಮ ಅಕ್ಕನಿಂದ ಕೇಳಿದ್ದನ್ನೆಲ್ಲ ಬಿಸ್ಕತ್ತು ಮುರಿಯುತ್ತ ವಿವರಿಸಿದರು. ಶಿಕ್ಷೆ ಕೊಟ್ಟರೆ ಏನು ಮಾಡಬಾರದು ಎಂಬುದಷ್ಟೇ ಮಗುವಿಗೆ ತಿಳಿಯುತ್ತದೆ, ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ತಪ್ಪು ಹಿಡಿಯುವುದನ್ನು ಬಿಟ್ಟು ಒಳ್ಳೆಯದನ್ನು ಹಿಡಿಯಬೇಕು. ಹಿಡಿದ ಕೂಡಲೇ, ಆ ಕ್ಷಣದಲ್ಲೇ, ಮಗುವಿಗೆ ಇಷ್ಟವಾದದ್ದು ಕೈಗೆ ಸಿಗಬೇಕು. ಒಂದು ಗಂಟೆ ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಮಗುವಿಗೂ ನೆನಪಿರುವುದಿಲ್ಲ, ಕೊಟ್ಟವರಿಗೂ ನೆನಪಿರುವುದಿಲ್ಲ. ಸಿಹಿ ಕೊಡಬೇಡಿ, ಹಲ್ಲು ಹಾಳು. ಒಂದು ನಕ್ಷತ್ರದ ಚಿತ್ರ ಅಂಟಿಸಿದರೂ ಸಾಕು ಎಂದರು.

ನಕ್ಷತ್ರವೇಕೆ, ಮೊಹರೇ ಇದೆಯಲ್ಲ ಎಂದು ಗುಮಾಸ್ತರ ಕಣ್ಣು ಹೊಳೆಯಿತು. ಅವರ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಹಳೆಯ ಮೊಹರಿತ್ತು. ಹಿಂದಿನ ವರ್ಷ ಅದರ ತಾರೀಖಿನ ಚಕ್ರ ಹನ್ನೊಂದರಲ್ಲಿ ಸಿಕ್ಕಿಕೊಂಡು, ಏನು ಮಾಡಿದರೂ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕೂತುಬಿಟ್ಟಿತ್ತು. ಕೆಲಸಕ್ಕೆ ಬಾರದ್ದೆಂದು ಅದನ್ನು ಕಚೇರಿಯ ಸಾಮಾನಿನ ಪಟ್ಟಿಯಿಂದಲೇ ತೆಗೆದಿದ್ದರು. ಸಾಹೇಬರನ್ನು ಕೇಳಿ, ಅಪ್ಪಣೆ ಪಡೆದು, ಒಂದು ಹಳೆಯ ಶಾಯಿ ಪ್ಯಾಡಿನ ಜೊತೆಗೆ ಅದನ್ನು ಮನೆಗೆ ತಂದರು.

ಅಂದು ಸಂಜೆ ಮಕ್ಕಳ ಗಲಾಟೆ ತಾರಕಕ್ಕೇರಿದ ಹೊತ್ತಿಗೆ ಸರಿಯಾಗಿ ಗುಮಾಸ್ತರು ಒಂದು ಕೈಯಲ್ಲಿ ಮೊಹರು, ಇನ್ನೊಂದರಲ್ಲಿ ಪ್ಯಾಡು ಹಿಡಿದು, ಪಟ್ಟಕ್ಕೆ ಬರುವ ಮಹಾರಾಜರಂತೆ ಕೋಣೆಯನ್ನು ಪ್ರವೇಶಿಸಿದರು. ಮಕ್ಕಳು ಕಣ್ಣರಳಿಸಿಕೊಂಡು ಸುಮ್ಮನಾದರು. "ಸುಮ್ಮನಾದಿರಿ. ಭೇಷ್" ಎಂದು ಗುಮಾಸ್ತರು ಇಬ್ಬರ ಮುಂಗೈ ಮೇಲೂ ಠಪ್ಪೆಂದು ಒತ್ತಿದರು. ಸ್ವೀಕರಿಸಲಾಗಿದೆ, ೧೧. ಇದು ಸುಮ್ಮನಿದ್ದವರಿಗೆ ಸಿಗುವ ಗೌರವ ಎಂದು ಘೋಷಿಸಿದರು. ಮಕ್ಕಳು ತಮ್ಮ ಕೈ ತಾವೇ ನೋಡಿಕೊಳ್ಳುತ್ತ ಊಟದ ಹೊತ್ತಿನವರೆಗೂ ಪಿಟಕ್ಕೆನ್ನಲಿಲ್ಲ.

ಗುಮಾಸ್ತರು ಪೇಪರ್ ಹಿಡಿದು ಕಾಲ ಮೇಲೆ ಕಾಲು ಹಾಕಿ ಕುಳಿತರು. ಲೋಕದ ಎಲ್ಲ ತಂದೆತಾಯಿಗಳೂ ತಮ್ಮ ಕಿಟಕಿಯ ಮುಂದೆ ಸಾಲುಗಟ್ಟಿ ನಿಂತು ಸಲಹೆ ಕೇಳುವ ಕಾಲ ದೂರವಿಲ್ಲ ಎನ್ನಿಸಿತು ಅವರಿಗೆ.

ಮರುದಿನ ಸಂಜೆ ಎರಡು ಸಲ ಮೊಹರು ಬಿತ್ತು. ಅದರ ಮರುದಿನ ನಾಲ್ಕು ಸಲ. ಪ್ರತಿಸಲವೂ ಒಂದೇ ಕ್ರಮ. ಕೋಣೆಯಲ್ಲಿ ದಡಂ ಎಂದು ಸದ್ದು. ಗುಮಾಸ್ತರು ಪೇಪರ್ ಕೆಳಗಿಟ್ಟು ಮೊಹರು ಹಿಡಿದು ಎದ್ದು ಬರುವುದು. ಅವರ ತಲೆ ಬಾಗಿಲಲ್ಲಿ ಕಂಡ ಕೂಡಲೇ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಕೈಚಾಚುವುದು. ಠಪ್ಪ್. ಠಪ್ಪ್. ಕಚೇರಿಯ ಶಾಯಿ; ಮೂರು ದಿನ ತಿಕ್ಕಿದರೂ ಹೋಗದು. ವಾರ ಕಳೆಯುವಷ್ಟರಲ್ಲಿ ಚಿಕ್ಕವನು ಮಣಿಕಟ್ಟಿನಿಂದ ತೋಳಿನ ತನಕ ಸ್ವೀಕೃತನಾಗಿದ್ದ. ಶಾಲೆಯಿಂದ ಅವನ ಟೀಚರ್ ಒಂದು ಚೀಟಿ ಬರೆದು ಕಳಿಸಿದರು: ಮಗುವನ್ನು ಇಷ್ಟು ಸಲ ಸ್ವೀಕರಿಸಿದ್ದು ಯಾರು, ಪ್ರತಿಸಲವೂ ಹನ್ನೊಂದನೇ ತಾರೀಖಿನಂದೇ ಏಕೆ, ದಯವಿಟ್ಟು ತಿಳಿಸುವುದು.

ಕೆಳಗಿನ ಕೋಲಿಗೂ ಬಿಡುವಿರಲಿಲ್ಲ. ಆದರೆ ಗುಮಾಸ್ತರಿಗೆ ಅದು ಕೇಳಿಸುತ್ತಿದ್ದಂತೆ ಕಾಣಲಿಲ್ಲ. ಹದಿನೈದನೆಯ ದಿನ ಸಂಜೆ ಹೆಂಡತಿ ಚಹಾ ತಂದುಕೊಟ್ಟಾಗ ಅವರು ಕೈಬೆರಳು ಮಡಿಸಿ ತೋರಿಸಿದರು. "ಇವತ್ತು ಒಂದೇ ಸಂಜೆಯಲ್ಲಿ ಒಂಬತ್ತು ಸಲ ಸುಮ್ಮನಾದರು. ಒಂಬತ್ತು ಸಲ! ನಾನು ಹೇಳಿದ ಗಡುವು ಇವತ್ತೇ ಅಲ್ವಾ?"

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು. "ಒಂಬತ್ತು ಸಲ ಸುಮ್ಮನಾಗಬೇಕು ಅಂದ್ರೆ ರೀ, ಎಷ್ಟು ಸಲ ಕಿರುಚಿರಬೇಕು?"

ಗುಮಾಸ್ತರ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರಕ್ಕೆ ಹೋದದ್ದು ಅಲ್ಲೇ ನಿಂತಿತು. ಮೊದಲೆಲ್ಲ ಸಂಜೆಗೆ ಒಂದೋ ಎರಡೋ ಸಲ ಆಗುತ್ತಿದ್ದ ಗಲಾಟೆ. ಒಂಬತ್ತಕ್ಕೆ ಏರಿದ್ದು ಯಾವಾಗ? ಏರಿಸಿದ್ದು ಯಾರು?

ನಾಚಿಕೆಯಾಯಿತು, ನಿಜ. ಆದರೆ ಅವರಲ್ಲಿ ಒಂದು ಒಳ್ಳೆಯ ಗುಣವಿತ್ತು. ತಪ್ಪಾಗಿದೆ ಎಂದು ಗೊತ್ತಾದರೆ ಅದು ಹೇಗೆ ಆಯಿತೆಂದು ನೋಡದೆ ಅವರಿಗೆ ಊಟ ಸೇರುತ್ತಿರಲಿಲ್ಲ. "ಕೂತು ನೋಡಿ. ಅವರ ಪಾಡಿಗೆ ಅವರಿರುವಾಗ ನೋಡಿ" ಎಂದಳು ಹೆಂಡತಿ. ಮರುದಿನ ಸಂಜೆ ಗುಮಾಸ್ತರು ಒಂದು ಹೂಟ ಹೂಡಿದರು. ತಾವು ದಿನಾ ಕೂರುವ ಕುರ್ಚಿಯಲ್ಲಿ ಎರಡು ದಿಂಬು ನಿಲ್ಲಿಸಿ, ಅದರ ಮುಂದೆ ಪೇಪರನ್ನು ಬಿಡಿಸಿ ಒರಗಿಸಿ, ಕೆಳಗೆ ತಮ್ಮ ಚಪ್ಪಲಿಗಳನ್ನು ಜೋಡಿಸಿಟ್ಟರು. ತಾವು ಅಡುಗೆಮನೆಯ ಅರೆತೆರೆದ ಬಾಗಿಲ ಹಿಂದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಮುದುರಿ ಕುಳಿತರು.

ಮಕ್ಕಳು ಹೊರಗಿನಿಂದ ಬಂದರು. ಕೈಕಾಲು ತೊಳೆದರು. ಬಣ್ಣದ ಪೆನ್ಸಿಲು ತೆಗೆದು ನೆಲದ ಮೇಲೆ ಬೋರಲು ಮಲಗಿ ಚಿತ್ರ ಬಿಡಿಸತೊಡಗಿದರು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಗುಮಾಸ್ತರಿಗೆ ಕಾಲು ಜೋಮು ಹಿಡಿಯಿತು, ಮಕ್ಕಳಿಗೆ ಮಾತ್ರ ಏನೂ ಆಗಲಿಲ್ಲ. ಪೆನ್ಸಿಲು ಕಾಗದದ ಮೇಲೆ ಉಜ್ಜುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ.

"ಇದು ಯಾವಾಗಿನಿಂದ ಹೀಗೆ?" ಎಂದು ಅವರು ಪಿಸುಗುಟ್ಟಿದರು.

"ದಿನಾ ಹೀಗೇ," ಎಂದಳು ಹೆಂಡತಿ ಅಷ್ಟೇ ಮೆಲ್ಲಗೆ. "ನೀವು ಪೇಪರ್ ಓದ್ತಾ ಇರ್ತೀರಿ."

ಅರ್ಧ ಗಂಟೆಯಾಗಿರಬೇಕು. ಚಿಕ್ಕವನು ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಅಕ್ಕಾ, ಎಡಗೈಯಲ್ಲಿ ಇನ್ನೂ ಜಾಗ ಇದೆ."

ದೊಡ್ಡವಳು ತಲೆಯೆತ್ತದೆ, "ಹಾಗಾದ್ರೆ ಮೂರು ಸಲ ಹಾರು. ಕಿರುಚು. ಅಪ್ಪ ಬಂದ ತಕ್ಷಣ ಬಾಯಿ ಮುಚ್ಚು" ಎಂದಳು. ಅರ್ಜಿ ಹೇಗೆ ಬರೆಯಬೇಕೆಂದು ಹೊಸಬರಿಗೆ ಹೇಳಿಕೊಡುವ ಅನುಭವಸ್ಥೆಯ ದನಿ.

ಚಿಕ್ಕವನು ಹಾರಿದ. ದಡಂ, ದಡಂ, ದಡಂ. ಕೆಳಗಿನಿಂದ ಕೋಲು ಕುಟ್ಟಿತು. ಇಬ್ಬರೂ ಓಡಿಬಂದು ನೆಲಕ್ಕೆ ಕಿವಿಯಿಟ್ಟರು. ಅವರ ಮುಖದ ಮೇಲಿನ ಸಂತೋಷ ನೋಡಿ ಗುಮಾಸ್ತರು ಬಕೆಟ್ಟಿನ ಮೇಲೆಯೇ ದಂಗಾದರು. "ನಾಲ್ಕು ಸಲ ಕುಟ್ಟಿದ್ರು" ಎಂದ ಚಿಕ್ಕವನು. "ನೀನು ಮೂರು ಹಾರಿದ್ರೆ ಅವರು ನಾಲ್ಕು. ನಿನ್ನೆ ಎರಡಕ್ಕೆ ಮೂರು" ಎಂದಳು ದೊಡ್ಡವಳು. ಬೈಗುಳವೆಂದು ಅಜ್ಜಿ ಕಳಿಸುತ್ತಿದ್ದದ್ದು ಇಲ್ಲಿ ಉತ್ತರವೆಂದು ತಲುಪುತ್ತಿತ್ತು.

ಬಳಿಕ ಚಿಕ್ಕವನು ಪೇಪರಿನ ಮುಂದೆ ಹೋಗಿ ನಿಂತು ಎಡಗೈ ಚಾಚಿದ. ಪೇಪರ್ ಕೆಳಗಿಳಿಯಲಿಲ್ಲ. ಅವನು ಕಾದ. ಕಾಲು ಬದಲಿಸಿದ. ಕೊನೆಗೆ ಬಗ್ಗಿ ಪೇಪರಿನ ಹಿಂದೆ ಇಣುಕಿದ.

"ಅಕ್ಕಾ," ಎಂದ ಗಾಬರಿಯೇನೂ ಇಲ್ಲದೆ, "ಅಪ್ಪ ದಿಂಬಾಗಿದ್ದಾರೆ."

ಆ ರಾತ್ರಿ ಊಟಕ್ಕೆ ಕುಳಿತಾಗ ಗುಮಾಸ್ತರಿಗೆ ಎಲ್ಲ ಅರ್ಥವಾಗಿತ್ತು. ತಾವು ಮನೆಯಲ್ಲೂ ಕಿಟಕಿ ತೆರೆದು ಕುಳಿತಿದ್ದರು. ಸದ್ದು ಮಾಡಿಕೊಂಡು ಬಂದ ಮೌನಕ್ಕೆ ಮೊಹರು. ತನ್ನ ಪಾಡಿಗೆ ತಾನು ನೆಲದ ಮೇಲೆ ಚಿತ್ರ ಬಿಡಿಸುತ್ತಿದ್ದ ಮೌನ ಕಿಟಕಿಗೆ ಬಂದಿರಲಿಲ್ಲ, ಆದ್ದರಿಂದ ಅದು ಈ ಲೋಕದಲ್ಲೇ ಇರಲಿಲ್ಲ.

ಈಗ ಸರಿಪಡಿಸುತ್ತೇನೆ ಎಂದು ಹೊರಟರು. ಮಕ್ಕಳು ಅವರಾಗಿಯೇ ಸುಮ್ಮನಿರುವ ಹೊತ್ತು ನೋಡಿ, ಕಳ್ಳಹೆಜ್ಜೆಯಲ್ಲಿ ಹಿಂದಿನಿಂದ ಬಂದು ಮೊಹರು ಒತ್ತುವುದು. ಉಪಾಯವೇನೋ ಒಳ್ಳೆಯದೇ. ಆದರೆ ಬೆನ್ನ ಹಿಂದಿನಿಂದ ಇದ್ದಕ್ಕಿದ್ದಂತೆ ಒಂದು ಕೈ ಬಂದು ಠಪ್ಪೆಂದರೆ ಯಾವ ಮಗು ಸುಮ್ಮನಿದ್ದೀತು? ದೊಡ್ಡವಳು ಬೆಚ್ಚಿ ಕಿರುಚಿದಳು, ಚಿಕ್ಕವನು ಖುಷಿಗೆ ಕಿರುಚಿದ. ಕೆಳಗೆ ಕೋಲು ಎದ್ದಿತು. ಹೀಗೆ ತಿಂಗಳು ಇಪ್ಪತ್ತನ್ನು ದಾಟಿತು.

ಇಪ್ಪತ್ತೊಂದನೆಯ ತಾರೀಖು, ಭಾನುವಾರ, ಸಂಜೆ. ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು. ಒಂದು, ಎರಡು, ಹದಿನಾರು. ಕೆಳಗಿನಜ್ಜಿ ಬಾಗಿಲಲ್ಲಿ ನಿಂತರು. ಹೆಂಡತಿ ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ. ತಿಂಗಳು ಮುಗಿಯುವವರೆಗೆ ಕಾಯುವ ಆಸೆ ತನಗಿಲ್ಲ ಎಂದರು. ಮೊದಲು ದಿನಕ್ಕೆ ಎರಡು ಸಲ ಕೋಲೆತ್ತುತ್ತಿದ್ದೆ, ಈಗ ಕೋಲು ಕೆಳಗಿಡುವುದಕ್ಕೇ ಆಗುತ್ತಿಲ್ಲ, ಚಾವಣಿಯ ಸುಣ್ಣವೆಲ್ಲ ನನ್ನ ಹಾಸಿಗೆ ಮೇಲೆ ಬಿದ್ದಿದೆ, ಸಂಜೆ ಹತ್ತು ನಿಮಿಷ ದೇವರ ಮುಂದೆ ಕೂತರೆ ದೇವರೇ ಕಿವಿ ಮುಚ್ಚಿಕೊಳ್ಳುವ ಹಾಗಿದೆ ಎಂದರು. ದನಿ ಏರುತ್ತಾ ಹೋಯಿತು. ಗುಮಾಸ್ತರು ತಲೆ ತಗ್ಗಿಸಿ ನಿಂತರು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ಹೇಳಿ ಹೇಳಿ ಅಜ್ಜಿಗೆ ಉಸಿರು ಕಟ್ಟಿತು. ಕೋಲಿನ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ, ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ಮಾತು ನಿಲ್ಲಿಸಿದರು.

ಠಪ್ಪ್.

ಅಜ್ಜಿ ಕಣ್ಣು ತೆರೆದು ನೋಡಿದರೆ, ಮುಂದೆ ಚಿಕ್ಕವನು ಮೊಹರು ಹಿಡಿದು ನಿಂತಿದ್ದಾನೆ. ಅವರ ಮುಂಗೈ ಮೇಲೆ ನೀಲಿ ಅಕ್ಷರಗಳು ಹಸಿಯಾಗಿ ಹೊಳೆಯುತ್ತಿವೆ. ಸ್ವೀಕರಿಸಲಾಗಿದೆ, ೧೧.

"ಸುಮ್ಮನಾದ್ರಲ್ಲ ಅಜ್ಜಿ," ಎಂದ ಅವನು, "ಅದಕ್ಕೆ."

ಗುಮಾಸ್ತರಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ನುಂಗಿದ್ದರೂ ನೇರವಾಗಿ ಅಜ್ಜಿಯ ಮನೆಗೇ ಬೀಳಬೇಕಾಗಿತ್ತು. ಅಜ್ಜಿ ಕೈಯನ್ನೇ ನೋಡಿದರು. ಮಗುವನ್ನು ನೋಡಿದರು. ತಿರುಗಿ ಮೆಟ್ಟಿಲಿಳಿದುಹೋದರು. ಹದಿನಾರು ಮೆಟ್ಟಿಲಿಗೂ ಕೋಲಿನ ಸದ್ದು ಲೆಕ್ಕ ಹಾಕುತ್ತ ನಿಂತ ಗುಮಾಸ್ತರು, "ಆಯ್ತು. ಮನೆ ಹೋಯ್ತು" ಎಂದರು.

ಮಗನನ್ನು ಬೈಯಲು ಅವರಿಗೆ ಬಾಯಿ ಬರಲಿಲ್ಲ. ಬೈದು ಪ್ರಯೋಜನವೇನು? ಅವನು ಮಾಡಿದ್ದರಲ್ಲಿ ತಪ್ಪೆಲ್ಲಿ? ಒಳ್ಳೆಯದನ್ನು ಹಿಡಿದ, ಆ ಕ್ಷಣದಲ್ಲೇ ಮೊಹರು ಒತ್ತಿದ. ಟೈಪಿಸ್ಟ್ ಮೇಡಂ ಹೇಳಿದ್ದನ್ನು ಇಡೀ ಮನೆಯಲ್ಲಿ ಸರಿಯಾಗಿ ಪಾಲಿಸಿದವನು ಅವನೊಬ್ಬನೇ.

ಸೋಮವಾರ ಅವರು ಅಂಗಡಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ಕೇಳಿ ತಂದರು. ಪೇಪರ್ ಓದುವ ಮನಸ್ಸಿರಲಿಲ್ಲ. ಮಕ್ಕಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಪುಸ್ತಕ ಜೋಡಿಸತೊಡಗಿದರು. ಒಂದು ಪುಸ್ತಕ ಪೆಟ್ಟಿಗೆಗೆ ಹಾಕುವುದು, ಚಿಕ್ಕವನು ಅದನ್ನು ತೆಗೆದು ಚಿತ್ರ ತೋರಿಸುವುದು, ಇವರು ನೋಡುವುದು. ಸಂಜೆಯೆಲ್ಲ ನಾಲ್ಕೇ ಪುಸ್ತಕ ಪೆಟ್ಟಿಗೆ ಸೇರಿದವು. ಮಧ್ಯೆ ಒಮ್ಮೆ ಚಿಕ್ಕವನು ನೆನಪಾಗಿ ಎದ್ದುಹೋಗಿ ಮಂಚದಿಂದ ಹಾರಿದ, ನೆಲಕ್ಕೆ ಕಿವಿಯಿಟ್ಟ. ಏನೂ ಇಲ್ಲ. ಇನ್ನೊಂದು ಸಲ ಹಾರಿದ.

"ಅಕ್ಕಾ, ನೆಲ ಮಾತಾಡ್ತಿಲ್ಲ."

ದೊಡ್ಡವಳೂ ಹಾರಿ ನೋಡಿದಳು. ಕೆಳಗಿನಿಂದ ಒಂದು ಕುಟ್ಟೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಇಬ್ಬರೂ ಪುಸ್ತಕದ ಪೆಟ್ಟಿಗೆಗೇ ವಾಪಸ್ಸಾದರು. ಮಂಗಳವಾರ ಒಂದೇ ಸಲ ಹಾರಿದರು, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಬುಧವಾರ ಮಂಚದ ಕಡೆ ಸುಳಿಯಲೇ ಇಲ್ಲ. ಅಪ್ಪನಿಗೆ ಮೂಲೆಯ ಒಂಟೆ ತೋರಿಸಿ, ಅದನ್ನು ನೋಡಿಕೊಂಡು ಚಿತ್ರ ಬರೆಯುವುದು ಹೇಗೆಂದು ಕಲಿಸುತ್ತಿದ್ದರು. ಗುಮಾಸ್ತರ ಒಂಟೆ ಹಸುವಿನಂತೆ ಬಂದಿತ್ತು. ಯಾರೂ ಯಾರಿಗೂ ಮೊಹರು ಕೇಳಲಿಲ್ಲ.

ಹೆಂಡತಿ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. "ಮೊದಲು ಏನಾದ್ರೂ ಬಿದ್ರೆ ಮಾತ್ರ ನಿಮ್ಮ ಪೇಪರ್ ಕೆಳಗಿಳೀತಿತ್ತು" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು. ಗುಮಾಸ್ತರು ಹಸುವಿನಂಥ ಒಂಟೆಗೆ ಡುಬ್ಬ ಹಾಕುತ್ತ ಆ ಮಾತನ್ನೇ ಬಹಳ ಹೊತ್ತು ಯೋಚಿಸಿದರು.

ಆಗ ಮತ್ತೆ ಮೆಟ್ಟಿಲ ಮೇಲೆ ಕೋಲಿನ ಸದ್ದು.

ಗುಮಾಸ್ತರು ಎದ್ದು ನಿಂತು, ಪೆಟ್ಟಿಗೆ ಕಟ್ಟುತ್ತಿದ್ದೇವೆ ಅಮ್ಮಾವ್ರೇ, ತಿಂಗಳ ಕೊನೆಗೆ ಬಿಡುತ್ತೇವೆ ಎಂದು ತಾವಾಗಿಯೇ ಹೇಳತೊಡಗಿದರು. ಅಜ್ಜಿ ಅವರತ್ತ ತಿರುಗಿಯೂ ನೋಡಲಿಲ್ಲ. ಈ ಸಲ ಕುರ್ಚಿ ಎಳೆದುಕೊಂಡು ಕುಳಿತು, ಚಿಕ್ಕವನನ್ನು ಹತ್ತಿರ ಕರೆದು, ಮುಂಗೈ ಮುಂದಕ್ಕೆ ಚಾಚಿದರು. ಅದರ ಮೇಲಿನ ಅಕ್ಷರಗಳು ಮಾಸಿಹೋಗಿದ್ದವು.

"ಭಾನುವಾರದಿಂದ ನಾನು ಕೋಲು ಎತ್ತಿಲ್ಲ," ಎಂದರು. "ಸೋಮವಾರ ನೀವು ಹಾರಿದ್ರಿ, ಎತ್ತಲಿಲ್ಲ. ನಿನ್ನೆ ಹಾರಿದ್ರಿ, ಎತ್ತಲಿಲ್ಲ. ಮೂರು ದಿನ ಆಯ್ತು. ಯಾರಾದ್ರೂ ಬಂದು ನೋಡ್ತಾರೆ ಅಂತ ಕಾದೆ. ಒಬ್ಬರೂ ಬರಲಿಲ್ಲ."

ಚಿಕ್ಕವನು ಬಗ್ಗಿ ಆ ಮಾಸಿದ ಅಕ್ಷರಗಳನ್ನು ನೋಡಿದ.

"ಎಕ್ಸ್‌ಚೇಂಜಿನಲ್ಲಿ ಲೈನು ಕೊಡೋದು ಒಂದು ನಿಮಿಷ ತಡ ಆದ್ರೆ ಬೈಯೋರು," ಎಂದರು ಅಜ್ಜಿ, ಈಗ ದನಿ ತಗ್ಗಿಸಿ. "ಮೂವತ್ತು ವರ್ಷ ಸರಿಯಾಗಿ ಕೊಟ್ಟೆ. ಅದಕ್ಕೆ ಒಬ್ಬರೂ ಏನೂ ಅನ್ನಲಿಲ್ಲ."

ಚಿಕ್ಕವನು ಅಕ್ಕನ ಮುಖ ನೋಡಿದ. ದೊಡ್ಡವಳು ಗಂಭೀರವಾಗಿ ಯೋಚಿಸಿ, "ಮೂರು ದಿನ ಅಂದ್ರೆ ದೊಡ್ಡದು. ಎರಡು ಕೈಗೂ ಹಾಕು" ಎಂದು ತೀರ್ಪು ಕೊಟ್ಟಳು. ಅವನು ಎರಡು ಕೈಗೂ ಒತ್ತಿದ. ಅಜ್ಜಿ ಶಾಯಿ ಒಣಗುವ ತನಕ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ, ಸಂಜೆ ತಾನು ದೇವರ ಮುಂದೆ ಕೂರುವ ಹತ್ತು ನಿಮಿಷ ಸುಮ್ಮನಿದ್ದರೆ ಸಾಕು, ಉಳಿದ ಹೊತ್ತು ಸ್ವಲ್ಪ ಹಾರಿಕೊಳ್ಳಲಿ, ಮೂರು ದಿನದಿಂದ ಮನೆ ಸತ್ತ ಲೈನಿನ ಹಾಗಿದೆ ಎಂದರು. ತಮ್ಮನ ಮಗಳಿಗೆ ಬೇರೆ ಮನೆ ನೋಡಿಕೋ ಎಂದು ಆಗಲೇ ಹೇಳಿಯಾಗಿತ್ತಂತೆ. ಹೋಗುವಾಗ ರಟ್ಟಿನ ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ, "ಇದನ್ನ ಬಿಚ್ಚಪ್ಪ, ದಾರಿಗಡ್ಡ" ಎಂದರು.

ಆಕೆ ಇಳಿದುಹೋದ ಮೇಲೂ ಚಿಕ್ಕವನ ಕೈಯಲ್ಲಿ ಮೊಹರು ಹಾಗೇ ಇತ್ತು. ದೊಡ್ಡವಳು ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅಪ್ಪಂಗೂ ಒಂದು ಹಾಕು. ನಿನ್ನೆ ಮೊನ್ನೆ ಎರಡು ಸಂಜೆ ಒಂದು ಸಲವೂ ಕೂಗಲಿಲ್ಲ."

ಹತ್ತೊಂಬತ್ತು ವರ್ಷ ಕಿಟಕಿಯ ಒಳಗೆ ಕುಳಿತ ಗುಮಾಸ್ತರು, ಹೊರಗೆ ಸಾಲಿನಲ್ಲಿ ನಿಂತವರಂತೆ, ತಮಗೇ ಗೊತ್ತಿಲ್ಲದೆ ಕೈ ಮುಂದಕ್ಕೆ ಚಾಚಿದ್ದರು.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಅವರು ಎಂದಿನಂತೆ ಖಾಲಿ ಚೀಟಿಯ ಮೇಲೆ ಮೊಹರು ಒತ್ತಿದರು, ಕಣ್ಣು ಮುಚ್ಚಿದರು, ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡರು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಸಾಹೇಬರು ಅವರ ಮುಂಗೈ ನೋಡಿ ನಿಂತರು.

"ಏನ್ರೀ ಇದು, ಕೈಗೇ ಒತ್ತಿಕೊಂಡಿದ್ದೀರಿ? ತಾರೀಖು ಬೇರೆ ತಪ್ಪು. ಈ ಅವತಾರದಲ್ಲಿ ಕಿಟಕಿಯಲ್ಲಿ ಕೂತರೆ ಜನ ಏನಂದಾರು? ಬನ್ನಿ, ಶಾಯಿ ತೆಗೆಯೋ ದ್ರಾವಣ ನನ್ನ ಡ್ರಾಯರ್‌ನಲ್ಲೇ ಇದೆ. ಒಂದೇ ನಿಮಿಷ, ನಾನೇ ಒರೆಸಿಕೊಡ್ತೀನಿ."

ಗುಮಾಸ್ತರು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಬೇಡ ಸಾರ್, ದಯವಿಟ್ಟು ಬೇಡ. ಇವತ್ತು ಸಂಜೆನೂ ನಾನು ಬಾಯಿ ಮುಚ್ಚಿಕೊಂಡಿದ್ರೆ ಮಗ ಇದರ ಪಕ್ಕದಲ್ಲೇ ಇನ್ನೊಂದು ಹಾಕ್ತೀನಿ ಅಂದಿದ್ದಾನೆ."